ಅರಿಸಿನ ದಾರ ಕಟ್ಟಿದ ಸೀರೆ

೨೦೦೭ರಲ್ಲಿ ನಾನು ಚಳ್ಳಕೆರೆಯಲ್ಲಿ ನೇಕಾರರ ಮಾರಾಟ ಸಂಘವೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು, ಅಂದರೆ ನನ್ನ ಗಂಡ, ಅದೇ ಸಂಘದ ಮೊಳಕಾಲ್ಮೂರಿನಲ್ಲಿ ಸೀರೆ ದಾಸ್ತಾನಿನ ಸ್ಟೋರು ನೋಡಿಕೊಳ್ಳುತ್ತಿದ್ದರು. ಗಿರಾಕಿ ಕೇಳಿದ ರೇಷ್ಮೆ ಸೀರೆ ನಮ್ಮ ಮಳಿಗೆಯಲ್ಲಿ ಇಲ್ಲದಿದ್ದರೆ ಅವರಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನ ಹಾಗೇ ಮಾಡಿದೆ.

"ಹಸಿರುದು, ದೊಡ್ಡ ಅಂಚಿಂದು ಐತೇನ್ರಿ?"

"ಐತೆ, ಆದ್ರೆ ಕೊಡಂಗಿಲ್ಲ. ದಾರ ಕಟ್ಟೈತೆ."

"ಗಿರಾಕಿ ಇಲ್ಲೇ ಕುಂತವ್ರೆ."

"ಕುಂತಿರ್ಲಿ, ಟೀ ಕುಡಿಸು. ನೀಲಿದು ಕಳಿಸ್ತೀನಿ. ನಾನು ಸಂಜೆ ಬಸ್ಸಿಗೇ ಬರ್ತೀನಿ."

ಅಂದು ಬಂದರು. ಮರುದಿನ ಸ್ಟೋರಿನಲ್ಲಿ ಎದೆನೋವು ಕಾಣಿಸಿತು. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ದಾರದ ವಿಷಯ ಹೇಳಬೇಕು. ಮದುವೆ ಮನೆಯವರು ಬಾಯಿಮಾತಿನಲ್ಲಿ ಹೇಳಿಟ್ಟ ಸೀರೆಗೆ ನಮ್ಮ ನೇಕಾರರು ಅರಿಸಿನದ ದಾರ ಕಟ್ಟಿ ಸ್ಟೋರಿನಲ್ಲಿಡುತ್ತಿದ್ದರು. ಅದಕ್ಕೆ ರಸೀದಿ ಇರಲಿಲ್ಲ. ಆ ದಾರ ಕಂಡ ಮೇಲೆ ಯಜಮಾನರು ಯಾರಿಗೂ ಸೀರೆ ಬಿಡುತ್ತಿರಲಿಲ್ಲ.

ಅವರು ಹೋದ ಮೇಲೆ ಸಂಘದವರು ಎರಡೂ ಊರಿನ ಕಂಪ್ಯೂಟರ್ ಜೋಡಿಸಲು ನಿರ್ಧರಿಸಿದರು. ಹೊರಗಿನಿಂದ ಬಂದ ತಂತ್ರಜ್ಞ ಮೊಳಕಾಲ್ಮೂರಿನ ಇಡೀ ದಾಸ್ತಾನು ನಮ್ಮ ಪರದೆಯ ಮೇಲೆ ನೇರವಾಗಿ ಕಾಣುವಂತೆ ಮಾಡಿದ. ದಾರ ಕಟ್ಟಿದ್ದ ಅದೇ ಹಸಿರು ಸೀರೆ 'ಇದೆ' ಎಂದು ತೋರಿತು; ಮಳಿಗೆಯವರು ಗಿರಾಕಿಗೆಂದು ಕೇಳಿದರು. ಸ್ಟೋರಿಗೆ ಹೊಸದಾಗಿ ಬಂದಿದ್ದ ಗುಮಾಸ್ತ ದಾರದ ಅರ್ಥ ತಿಳಿಯದೆ ಅದನ್ನು ಕತ್ತರಿಸಿ ಸೀರೆ ಕಳಿಸಿದ. ಅದು ಅಂದೇ ಮಾರಾಟವಾಯಿತು.

ಅದನ್ನು ನೇಯ್ದ ಮಾರ್ಕಂಡಪ್ಪ ಹುಡುಕಿಕೊಂಡು ಚಳ್ಳಕೆರೆಗೆ ಬಂದರು.

"ಕಂಪ್ಯೂಟರಿನಲ್ಲಿ ಇದೆ ಅಂತ ಬಂತು," ಎಂದರು ನಮ್ಮ ಮ್ಯಾನೇಜರು.

"ನಿಮ್ಮ ಕಂಪ್ಯೂಟರಿಗೆ ಮನೆ ಮಕ್ಕಳು ಇಲ್ಲ ಬಿಡ್ರಿ. ಮದುವೆ ಹುಡುಗಿ ಅವ್ವಂಗೆ ನಾನು ಹೆಂಗೆ ಮಖ ತೋರಿಸ್ಲಿ? ನಾಳೆಯಿಂದ ನಿಮ್ಮ ಸ್ಟೋರಿಗೆ ಸೀರೆ ಇಡಲ್ಲ. ಆಯಪ್ಪ ಇದ್ದಿದ್ರೆ..." ಎಂದವರು ನನ್ನನ್ನು ನೋಡಿ ಹೆಗಲ ಟವೆಲ್ಲು ಸರಿಮಾಡಿಕೊಂಡು ಹೊರಟರು.

ಆ ಹುಡುಗಿ ಬೇರೆ ಸೀರೆ ಉಟ್ಟು ಹಸೆಗೆ ಕೂತಳು. ಮಾರ್ಕಂಡಪ್ಪನ ಹಿಂದೆ ಇನ್ನೂ ಕೆಲವು ಮಗ್ಗದವರು ಸಂಘ ಬಿಡಲು ಹೊರಟರು. ಅವರೆಲ್ಲ ಹೋದರೆ ಸಂಘ ಉಳಿಯುತ್ತಿರಲಿಲ್ಲ.

ಆ ಜೋಡಣೆ ನಿಲ್ಲಿಸಿ, ಅದರ ಬದಲು API ಒಂದನ್ನು ಮೊದಲಿಂದ ಯೋಜಿಸುವ ಕೆಲಸ ನನ್ನ ಪಾಲಿಗೆ ಬಂತು. API ಎಂದರೆ ಒಂದು ತಂತ್ರಾಂಶ ಇನ್ನೊಂದರ ಮನೆಯೊಳಗೆ ನುಗ್ಗದೆ, ಬಾಗಿಲಲ್ಲಿ ನಿಂತು ಒಪ್ಪಿದ ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡು. ನಾನು ಮೊಳಕಾಲ್ಮೂರಿಗೆ ಹೋದೆ. ಯಜಮಾನರ ಕುರ್ಚಿಯಲ್ಲಿ ಕೂರಲಾಗದೆ ಬೆಂಚಿನ ಮೇಲೆ ಕೂತು ನೇಕಾರರನ್ನು ಕೇಳಿದೆ: ಯಾರು ಏನನ್ನು ಕೇಳಬಹುದು, ಉತ್ತರಕ್ಕೆ ಹೊಣೆ ಯಾರು? ದಾರ ಕಟ್ಟಿದ ಕೂಡಲೇ ಅದನ್ನು ಕಂಪ್ಯೂಟರಿಗೆ ಹಾಕುವ ಹೊಣೆ ಸ್ಟೋರಿನದು ಎಂದಾಯಿತು. 'ಇದೆ', 'ಇಲ್ಲ' ಎಂಬ ಉತ್ತರಗಳ ಜೊತೆಗೆ 'ಮಾತು ಕೊಟ್ಟಿದೆ' ಎಂಬುದನ್ನೂ ಸೇರಿಸಿದೆವು. ಮುಂದೆ ಯಾವ ಮಳಿಗೆ ಸೇರಿದರೂ ಅದೇ ಬಾಗಿಲಿಗೆ ಬರಬೇಕು.

ಮಾರ್ಕಂಡಪ್ಪ ನಂಬಲಿಲ್ಲ. ತಾವೇ ಒಂದು ಸೀರೆಗೆ ದಾರ ಕಟ್ಟಿ ಸ್ಟೋರಿನಲ್ಲಿಟ್ಟು, ಬಸ್ಸು ಹತ್ತಿ ಚಳ್ಳಕೆರೆಗೆ ಬಂದು ನನ್ನ ಪಕ್ಕ ನಿಂತರು. ನಾನು ಆ ಸೀರೆ ಇದೆಯೇ ಎಂದು ಕಂಪ್ಯೂಟರಿನಲ್ಲಿ ಕೇಳಿದೆ. 'ಮಾತು ಕೊಟ್ಟಿದೆ' ಎಂದು ಪರದೆಯ ಮೇಲೆ ಬಂತು.

"ಆಯಪ್ಪ ಹೇಳಿದಂಗೇ ಐತಲ್ಲಮ್ಮ," ಎಂದರು. ಮರುವಾರ ಅವರ ಸೀರೆಗಳು ಸ್ಟೋರಿಗೆ ಬಂದವು.

ಎರಡು ಯಂತ್ರಗಳನ್ನು ಜೋಡಿಸುವ ಮೊದಲು, ಅಲ್ಲಿಯವರೆಗೆ ಅವುಗಳ ನಡುವೆ ಇದ್ದ ಮನುಷ್ಯ ಏನೇನು ಹೇಳುತ್ತಿದ್ದ ಎಂದು ತಿಳಿದುಕೊಳ್ಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಆಮೇಲೆ ನಾನು ಕೇಳಿದ್ದಕ್ಕೆಲ್ಲ ಮೊಳಕಾಲ್ಮೂರಿನಿಂದ ಕೂಡಲೇ ಉತ್ತರ ಬರುತ್ತಿತ್ತು. ಸಂಜೆ ಬಸ್ಸಿಗೆ ಬರುತ್ತೇನೆಂಬ ಅವರ ಮಾತು ಮಾತ್ರ ಬರಲಿಲ್ಲ.