ಭಾವನ ಕುದುರೆಗೆ ಬಿಡುವಿರಲಿಲ್ಲ

ನಮ್ಮ ಅಕ್ಕನ ಗಂಡ ಜನ್ಮದಲ್ಲಿ ಕುದುರೆ ಹತ್ತಿದವರಲ್ಲ. ಹತ್ತುವುದಿರಲಿ, ಹಾಲಿನವನ ಎಮ್ಮೆ ಎದುರಾದರೆ ರಸ್ತೆ ದಾಟುವ ಪೈಕಿ. ಆದರೂ ರೇಡಿಯೋ ನಾಟಕದಲ್ಲಿ ರಾಜ ಬೇಟೆಗೆ ಹೊರಟರೂ, ಕಳ್ಳ ಪರಾರಿಯಾದರೂ, ಕೆಳಗಿನ ಕುದುರೆ ನಮ್ಮ ಭಾವನೇ.

ರೇಡಿಯೋ ಕೇಂದ್ರದಲ್ಲಿ ಅವರದು ಸದ್ದು ಮಾಡುವ ಕೆಲಸ. ಸ್ಟುಡಿಯೋ ಮೂಲೆಯ ಅವರ ಮೇಜಿನ ಸುತ್ತ ಜಲ್ಲಿ ತುಂಬಿದ ತಟ್ಟೆ, ಬಿಚ್ಚಿ ಮುಚ್ಚಿದರೆ ಪಾರಿವಾಳ ಹಾರುವ ಛತ್ರಿ, ಹಿಂದೆ ಮನೆಯಿಲ್ಲದೆ ಬರೀ ಕಿರುಗುಟ್ಟುವ ಒಂದು ಬಾಗಿಲು. ಜೊತೆಗೆ ಎರಡು ತೆಂಗಿನ ಚಿಪ್ಪು. ಹಲಗೆಯ ಮೇಲೆ ಬಡಿದರೆ ಅದೇ ಕುದುರೆ.

"ಕೆಲಸದಲ್ಲಿದ್ದಾರೆ ಅಂತ ಮಗಳನ್ನ ಕೊಟ್ಟೆ, ನೋಡಿದ್ರೆ ಕೈಯಲ್ಲಿ ಚಿಪ್ಪು," ಎಂದು ನಮ್ಮಮ್ಮ ಅಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆದರೆ ನಾಟಕ ಮುಗಿದು ಹೆಸರುಗಳನ್ನು ಓದುವಾಗ ಅಳಿಯನದು ಕಟ್ಟಕಡೆಗೆ ಬರುತ್ತದೆ. ಅದು ಬರುವವರೆಗೆ ರೇಡಿಯೋ ಆರಿಸಲು ಬಿಡುವುದಿಲ್ಲ. ಬಂದ ಮೇಲೆ "ಹೂಂ" ಅನ್ನುತ್ತಾರೆ. ಆ ಒಂದು "ಹೂಂ" ಬಲದ ಮೇಲೆ ಭಾವ ವಾರವಿಡೀ ತಲೆಯೆತ್ತಿ ಓಡಾಡುತ್ತಾರೆ.

ಇಂಥವರಿಗೆ ಹೊಸ ನಿರ್ದೇಶಕಿ ಬಂದು ಲಗಾಮು ಹಾಕಿದರು. ಆಕೆಗೆ ನಿಜವಾದ ಕುದುರೆ ಸವಾರಿ ಗೊತ್ತು. ಶನಿವಾರ ನೇರ ಪ್ರಸಾರದ ನಾಟಕ. ಗಲ್ಲಿಗೇರಲಿರುವ ನಾಯಕನಿಗೆ ಕ್ಷಮೆಯ ಆಜ್ಞೆ ಹೊತ್ತು ದೂತ ಬರಬೇಕು. ದೂತನ ಪಾತ್ರ ನನ್ನದು. ರಿಹರ್ಸಲ್‌ನಲ್ಲಿ ಭಾವ ಬಡಿದದ್ದೇ ತಡ, ಮೇಡಂ ಕೈಯೆತ್ತಿದರು.

"ಇದೇನು?"

"ಕುದುರೆ ಮೇಡಂ. ಸ್ಕ್ರಿಪ್ಟಲ್ಲಿ ನಾಗಾಲೋಟ ಅಂತಿದೆಯಲ್ಲ, ಅದೇ. ಬೇಕಿದ್ರೆ ಇನ್ನೂ ಜೋರಾಗಿ, ಅಥವಾ ಸ್ವಲ್ಪ..."

"ಇದು ಕುಕ್ಕುಲೋಟ. ಸಂತೆಗೆ ಹೊರಟಿರೋದು. ಇದರ ಮೇಲೆ ದೂತ ಬಂದ್ರೆ ನಾಯಕನ ಹೆಣ ಇಳಿಸೋ ಹೊತ್ತಿಗೆ ಸರಿಯಾಗುತ್ತೆ."

ನಾಗಾಲೋಟ ಎಂಬ ಪದವನ್ನು ನಾವೆಲ್ಲ ಬೇಕಾಬಿಟ್ಟಿ ಓಡಿಸುತ್ತೇವೆ. ವದಂತಿ ನಾಗಾಲೋಟದಲ್ಲಿ ಹರಡುತ್ತದೆ, ಈರುಳ್ಳಿ ಬೆಲೆ ನಾಗಾಲೋಟದಲ್ಲಿ ಏರುತ್ತದೆ. ಇಳಿಯುವಾಗ ಮಾತ್ರ ಬೆಲೆಗೆ ಮಂಡಿನೋವು. ಕಾನ್ವೆಂಟಿನಲ್ಲಿ ಗ್ಯಾಲಪ್ ಪದದ ಸ್ಪೆಲಿಂಗಿಗಾಗಿ ನಾನು ತಿಂದ ಏಟುಗಳೂ ಅದೇ ಓಟದಲ್ಲಿ ಬಂದವು. ಆದರೆ ಕುದುರೆ ನಿಜಕ್ಕೂ ಏನು ಮಾಡುತ್ತದೆಂದು ಸಿಸ್ಟರ್ ಹೇಳಲಿಲ್ಲ. ಮೇಡಂ ಬೆರಳುಗಳಿಂದ ಮೇಜಿನ ಮೇಲೆ ತೋರಿಸಿದರು. ಕುಕ್ಕುಲೋಟದಲ್ಲಿ ಕಾಲುಗಳು ಜೋಡಿಜೋಡಿಯಾಗಿ ಬೀಳುತ್ತವೆ, ಟಕ್, ಟಕ್. ನಾಗಾಲೋಟವೆಂದರೆ ನಾಲ್ಕು ಕಾಲಿನ ಓಟ. ನಾಲ್ಕೂ ಒಂದರ ಹಿಂದೊಂದು ನೆಲಕ್ಕೆ ಬಿದ್ದು, ಆಮೇಲೆ ನಾಲ್ಕೂ ನೆಲ ಬಿಟ್ಟು, ಕುದುರೆ ಒಂದು ಕ್ಷಣ ಗಾಳಿಯಲ್ಲಿ.

"ಆ ಕ್ಷಣದ ಬಿಡುವು ಬೇಕು. ಬರದಿದ್ರೆ ಶನಿವಾರ ನಿಜವಾದ ಕುದುರೆಯ ಟೇಪ್ ಹಾಕ್ತೀನಿ."

ಟೇಪ್ ಹಾಕಿದರೆ ಭಾವನ ಹೆಸರಿಲ್ಲ. ಹೆಸರಿಲ್ಲದಿದ್ದರೆ "ಹೂಂ" ಇಲ್ಲ.

ಕೆಲಸಕ್ಕೆ ಸೇರಿದಾಗ ಅವರು ಕಲಿತ ಮೊದಲ ಪಾಠವೇ ಸದ್ದು ನಿಲ್ಲಬಾರದು ಎಂಬುದು. ನಿಂತರೆ ಕೇಳುಗರು ಸೆಟ್ ಕೆಟ್ಟಿತೆಂದು ಅದರ ತಲೆಗೆ ಮೊಟಕುತ್ತಾರೆ. ಹೀಗಾಗಿ ಭಾವ ರೇಡಿಯೋದ ಗಾಳಿಯಲ್ಲಿ ಎಲ್ಲೂ ಖಾಲಿ ಜಾಗ ಬಿಟ್ಟವರಲ್ಲ, ಮನೆಯ ಗಾಳಿಯಲ್ಲೂ. ಆ ವಾರವೆಲ್ಲ ಊಟದ ಮೇಜು, ಸ್ವಂತ ತೊಡೆ, ಬಸ್ಸಿನ ಸೀಟಿನ ಬೆನ್ನು, ಎಲ್ಲದರ ಮೇಲೂ ಬಡಿದರು. ಬಿಡುವಿನ ಜಾಗ ಬಂದೊಡನೆ ಕೈ ತಾನಾಗಿ ಒಂದು ಟಕ್ ತುರುಕುತ್ತಿತ್ತು. ಕುದುರೆಗೆ ಐದನೇ ಕಾಲು.

"ಇವರ ಮಾತಿಗೇ ಬಿಡುವಿಲ್ಲ, ಕುದುರೆಗೆ ಎಲ್ಲಿಂದ ಬರಬೇಕು?" ಅಂದಳು ಅಕ್ಕ.

"ಅಲ್ಲ ಕಣೇ, ಇದು ಕೈಯ ಅಭ್ಯಾಸ, ಒಂದ್ಸಲ ಕೂತ್ರೆ ಸಾಕು, ಆಮೇಲೆ ನೋಡು, ನಾನು..."

ಅಮ್ಮ ಒಳಗೆ ಬಂದರು. ಭಾವನ ಬಾಯಿ ಅಲ್ಲೇ ನಿಂತಿತು. ಅಮ್ಮ ಲೋಟ ತೆಗೆದುಕೊಂಡು ಹೋದರು. "...ನಾನು ಹೇಳ್ತಿದ್ದದ್ದು ಏನಂದ್ರೆ," ಎಂದು ಬಾಯಿ ಮತ್ತೆ ಹೊರಟಿತು.

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು.

"ಅಮ್ಮಾ, ಶನಿವಾರ ಸ್ಟುಡಿಯೋಗೆ ಬರ್ತೀಯಾ? ಅಳಿಯಂದಿರ ಕೆಲಸ ನೋಡಬಹುದು," ಅಂದೆ.

"ಚಿಪ್ಪು ನಾನು ನೋಡಿಲ್ವಾ?" ಅಂದರು ಅಮ್ಮ. ಆದರೆ ಶನಿವಾರ ಎಲ್ಲರಿಗಿಂತ ಮೊದಲು ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು.

ಗಾಜಿನ ಗೋಡೆಯಾಚೆ, ಮೇಡಂ ಪಕ್ಕದಲ್ಲಿ, ಭಾವನಿಗೆ ನೇರ ಎದುರಾಗಿ ಅಮ್ಮನಿಗೆ ಕುರ್ಚಿ ಹಾಕಿಸಿದೆವು. ಭಾವನಿಗೆ ಹೇಳಲಿಲ್ಲ. ಕುದುರೆಯ ಸರದಿ ಬಂತು. ಮೇಡಂ ಬೆರಳು ಟೇಪಿನ ಗುಂಡಿಯ ಮೇಲಿತ್ತು. ಭಾವ ನಾಲ್ಕು ಪೆಟ್ಟು ಹಾಕಿ, ಸರಿಯಾಯಿತೇ ಎಂದು ತಲೆಯೆತ್ತಿದರು. ಎದುರಿಗೆ ಅತ್ತೆ. ಚಿಪ್ಪು ಗಾಳಿಯಲ್ಲೇ ನಿಂತಿತು. ಗಾಬರಿಯಲ್ಲಿ ತಲೆ ತಗ್ಗಿಸಿ ಮತ್ತೆ ನಾಲ್ಕು. ನೋಯುವ ಹಲ್ಲಿಗೆ ನಾಲಿಗೆ ಹೋದಂತೆ ಕಣ್ಣು ಮತ್ತೆ ಗಾಜಿಗೆ ಹೋಯಿತು. ಅತ್ತೆ ಅಲ್ಲೇ ಇದ್ದರು. ಚಿಪ್ಪು ಮತ್ತೆ ಗಾಳಿಯಲ್ಲಿ. ನಾಲ್ಕು ಪೆಟ್ಟು, ಒಂದು ಅತ್ತೆ. ನಾಲ್ಕು ಪೆಟ್ಟು, ಒಂದು ಅತ್ತೆ. ಅಂಥ ನಾಗಾಲೋಟವನ್ನು ನಮ್ಮ ಕೇಂದ್ರ ಕೇಳಿರಲಿಲ್ಲ. ಮೇಡಂ ಬೆರಳು ಗುಂಡಿಯಿಂದ ಎದ್ದಿತು. ನಾನು ಏದುಸಿರು ಬಿಡುತ್ತ ನಾಯಕನನ್ನು ಉಳಿಸಿದೆ.

ಕೊನೆಗೆ ಭಾವನ ಹೆಸರು ಬಂತು. ಗಾಜಿನಾಚೆ ಅಮ್ಮನ ಗದ್ದ ಚೂರು ಮೇಲೆದ್ದು ಕೆಳಗಿಳಿಯಿತು. ಗಾಜು ದಪ್ಪ, ಸದ್ದು ಕೇಳಲಿಲ್ಲ. ಭಾವನಿಗೆ ಸದ್ದು ಬೇಕಾಗಿಯೂ ಇರಲಿಲ್ಲ.

ಹೊರಗೆ ಬಂದ ಮೇಲೆ ಅಮ್ಮ ಅವರನ್ನು ಬದಿಗೆ ಕರೆದರು. "ಎಲ್ಲ ಚೆನ್ನಾಗಿತ್ತು ಅಳಿಯಂದಿರೇ. ಕುದುರೆ ಮಾತ್ರ ಮಧ್ಯೆ ಮಧ್ಯೆ ನಿಲ್ತಿತ್ತು. ಅಲ್ಲೊಂದು ಟಕ್ ಹಾಕಬಾರದಿತ್ತಾ?"

ಈಗ ನಾಗಾಲೋಟವಿರುವ ನಾಟಕಗಳಿಗೆ ಮೇಡಂ ಅಮ್ಮನಿಗೆ ಕಾರು ಕಳಿಸುತ್ತಾರೆ. ಅಮ್ಮ ಅದನ್ನು ಮರ್ಯಾದೆ ಅಂದುಕೊಂಡಿದ್ದಾರೆ. ಕುಕ್ಕುಲೋಟಕ್ಕಾದರೆ ಭಾವ ಒಬ್ಬರೇ ಸಾಕು.