ಪಾರ್ಲರ್‌ನವಳ ಫಾರಿನ್ ಮಾಲು

ಮೊಮ್ಮಗಳ ಮುಖ ಉರಿದದ್ದು ಯಾರ ದೃಷ್ಟಿಯಿಂದಲೂ ಅಲ್ಲ, ಮೇಕಪ್ ತೆಗೆಯುವ ದುಬಾರಿ ನೀರಿನಿಂದ. ಮಾನ್ವಿ ಊರಿನ ಪಾರ್ಲರ್‌ನವಳು ಮದುವೆಯ ಹಿಂದಿನ ದಿನ ಮೇಕಪ್ ಹಚ್ಚಿ ನೋಡಿ, ಆ ನೀರಿನಿಂದಲೇ ಒರೆಸಿದ್ದಳು. ಏನು ಕೇಳಿದರೂ ಹುಬ್ಬು ಏರಿಸಿ, "ಫಾರಿನ್ ಮಾಲ್ ಅದರಿ" ಅನ್ನುವವಳು. ಹುಡುಗಿಯ ಕೆನ್ನೆ ಒಣಮೆಣಸಿನಕಾಯಿಯಂತಾಯಿತು. ನಾಳೆಯೇ ಅವಳ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳಬೇಕು.

"ನಿನ್ನ ಮಾರಿಗೆ ಏನ್ ಹಚ್ಚತಿ ಬೇ? ಖರೇ ಹೇಳು" ಅಂತ ಪಾರ್ಲರ್‌ನವಳನ್ನು ಕೇಳಿದೆ.

ಅವಳು ಬಾಗಿಲ ಕಡೆ ನೋಡಿ, ಚೀಲದ ತಳದಿಂದ ನಮ್ಮ ಕಾಲದ ಅಗ್ಗದ ಕೋಲ್ಡ್ ಕ್ರೀಮ್ ತೆಗೆದಳು. "ಯಾರಿಗೂ ಹೇಳಬ್ಯಾಡ್ರಿ ಯವ್ವಾ."

ಅದನ್ನೇ ಹಚ್ಚಿದೆವು. ಸಂಜೆಗೆ ಉರಿ ಇಳಿಯಿತು.

ಮರುದಿನ ಬೆಳಿಗ್ಗೆ ಅವಳು ಅದೇ ಕ್ರೀಮನ್ನು ಚೆಂದದ ಗಾಜಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. "ಇದೇನ್ರಿ?" ಎಂದು ಬೀಗಿತ್ತಿ ಕೇಳಿದಾಗ, ನನ್ನ ಕಡೆ ನೋಡದೆ "ಫಾರಿನ್ ಮಾಲ್ ಅದರಿ" ಅಂದಳು. ನಾನೂ ಹೌದೆಂದೆ.