ಕಂಡರಷ್ಟೇ ಲೆಕ್ಕ

ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರೆಲ್ಲ ಮನೆಯ ಚಾಪೆ ನೆನೆಯುತ್ತಾ ಹೊರಟರೆ, ಚಿಕ್ಕಬೈರಪ್ಪ ಮಾತ್ರ ಬಾಗಲಗುಂಟೆಯ ಕೆರೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲಿನ ಭಾನುವಾರ ಕೆರೆಯ ಹಕ್ಕಿ ಎಣಿಸುವ ಗುಂಪಿಗೆ ಅವರೇ ಯಜಮಾನರು. ಕಣ್ಣು ಉರಿಯುತ್ತಿರುತ್ತದೆ, ಮಾತಿನ ನಡುವೆ ಆಕಳಿಕೆ ಬರುತ್ತದೆ, ಆದರೂ ಎಣಿಸುತ್ತಿರುವಾಗಲೇ ಬಾತುಗಳು ಎದ್ದು ಬೇರೆ ಕಡೆ ಇಳಿದರೆ 'ಮೊದ್ಲಿಂದ ಬರಾಣ' ಎಂದು ಮತ್ತೆ ಬೆರಳು ಮಡಿಸುತ್ತಾರೆ. ತೂಕಡಿಸುವಾಗಲೂ ಆ ಬೆರಳುಗಳು ನಿಲ್ಲುವುದಿಲ್ಲವೆಂದು ಗುಂಪಿನವರು ಆಣೆ ಮಾಡಿ ಹೇಳುತ್ತಾರೆ. ಅವರದು ಒಂದೇ ಹಟ, ಕಣ್ಣಿಗೆ ಬೀಳದ ಹಕ್ಕಿಯನ್ನು ಸೇರಿಸುವಂತಿಲ್ಲ. 'ಜೊಂಡಿನೊಳ್ಗೆ ಹುಂಡುಕೋಳಿ ಕೂಗ್ತಾ ಐತೆ, ಸೇರ್ಸ್ಕೊಳಣ್ಣ' ಎಂದು ಜೊತೆಗಾರ ಶ್ಯಾಮಣ್ಣ ಪಕ್ಕದಲ್ಲೇ ನಿಂತು ಗಂಟಲು ಹರಿದುಕೊಂಡರೆ, 'ಒಳಗೆ ಕೂತ್ಕಂಡು ಯಾರ್ ಬೇಕಾದ್ರೂ ಕೂಗ್ತಾರೆ ಕಣಪ್ಪ, ಈಚೆಗೆ ಬರ್ಲಿ' ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಇವತ್ತೂ ಗುಂಪು ಜೊಂಡಿನ ಕಡೆ ಕಿವಿಗೊಟ್ಟು ನಿಂತಾಗ ಅವರೂ ಮಫ್ಲರ್ ಸರಿಸಿ ತಲೆ ವಾಲಿಸಿದರು. ಪ್ರೆಸ್ ಮೆಷಿನ್ನಿನ ಸದ್ದಿನಲ್ಲಿ ವರ್ಷಗಟ್ಟಲೆ ನಿಂತ ಕಿವಿಗೆ ಹಕ್ಕಿಗಳ ಕೂಗು ಕೇಳಿಸುವುದು ಯಾವಾಗಲೋ ನಿಂತುಹೋಗಿತ್ತು. ಅವರು ಜೊಂಡನ್ನು ನೋಡುತ್ತಿರಲಿಲ್ಲ, ಶ್ಯಾಮಣ್ಣನ ಮುಖವನ್ನು ನೋಡುತ್ತಿದ್ದರು. ಆ ಮುಖ ಅರಳಿದ ಮೇಲೆ, ಒಂದು ಗಳಿಗೆ ತಡವಾಗಿ, ಅವರ ಮುಖವೂ ಅರಳಿತು.